ಫೋನು ಮೆಳ್ಳೆಗಣ್ಣನ್ನು ಹಿಡಿದ ಮೇಲೆ ಮಗು ಎಲ್ಲಿಗೆ ಹೋಗಬೇಕು?

ಮಗುವಿಗೆ ಮೊಬೈಲಿನಲ್ಲಿ ಕಾರ್ಟೂನಿನಂಥ ಚಿತ್ರವೊಂದನ್ನು ತೋರಿಸಿ, ಅದು ನೋಡುವ ಬಗೆಯನ್ನು ಅದೇ ಮೊಬೈಲಿನ ಕ್ಯಾಮೆರಾದಲ್ಲಿ ಸೆರೆಹಿಡಿದರೆ ಸಾಕು, ಕಣ್ಣಿನ ದೋಷ ಗೊತ್ತಾಗುತ್ತದೆ ಎಂಬ ಸುದ್ದಿ ಕೆಲವು ವರ್ಷಗಳಿಂದ ಬೇರೆ ಬೇರೆ ರೂಪದಲ್ಲಿ ಬರುತ್ತಲೇ ಇದೆ. ಅದರ ಜೊತೆಗೇ ಇನ್ನೊಂದು ಮಾತೂ ಕಿವಿಗೆ ಬೀಳುತ್ತದೆ. ಅಮೆರಿಕದಲ್ಲಿ ರೋಗತಡೆಯ ಪರೀಕ್ಷೆಗಳ ಬಗ್ಗೆ ಶಿಫಾರಸು ಮಾಡುವ ತಜ್ಞರ ಕಾರ್ಯಪಡೆಯು 2017ರಲ್ಲಿ, 3ರಿಂದ 5 ವರ್ಷದೊಳಗೆ ಒಮ್ಮೆಯಾದರೂ ಮಗುವಿನ ದೃಷ್ಟಿ ತಪಾಸಣೆ ಆಗಬೇಕು, ಆದರೆ 3 ವರ್ಷಕ್ಕಿಂತ ಚಿಕ್ಕ ಮಕ್ಕಳ ತಪಾಸಣೆಯಿಂದ ಲಾಭವಿದೆಯೇ ಎಂದು ಹೇಳಲು ಪುರಾವೆ ಸಾಲದು ಎಂದಿತು. ಅದೇ ದೇಶದ ಮಕ್ಕಳ ವೈದ್ಯರ ಅಕಾಡೆಮಿ ಒಂದು ವರ್ಷದಿಂದಲೇ ಯಂತ್ರದ ತಪಾಸಣೆ ನಡೆಸಬಹುದು ಎನ್ನುತ್ತದೆ. ಯಂತ್ರಕ್ಕೆ ಕಾಣುವುದಾದರೆ ಕಾಯುವುದೇಕೆ ಎಂದು ತಂದೆತಾಯಿ ಗೊಂದಲಕ್ಕೆ ಬೀಳುವುದು ಸಹಜ.

ಈ ಗೊಂದಲದ ಮೂಲದಲ್ಲಿ ಎರಡು ಪ್ರಶ್ನೆಗಳು ಕಲಸಿಹೋಗಿವೆ. ಯಂತ್ರವು ದೋಷವನ್ನು ಗುರುತಿಸಬಲ್ಲುದೇ ಎಂಬುದು ಒಂದು. ಹಾಗೆ ಗುರುತಿಸಿದ್ದರಿಂದ ಆ ಮಗುವಿಗೆ ಏಳೆಂಟು ವರ್ಷವಾಗುವ ಹೊತ್ತಿಗೆ ಎರಡೂ ಕಣ್ಣು ಚೆನ್ನಾಗಿ ಕಾಣಿಸುತ್ತವೆಯೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಪ್ರಯೋಗಾಲಯದಲ್ಲಿ ಉತ್ತರ ಸಿಗುತ್ತದೆ. ಎರಡನೆಯದಕ್ಕೆ ಅಂಗನವಾಡಿ, ತಾಲ್ಲೂಕು ಆಸ್ಪತ್ರೆ, ಕನ್ನಡಕದ ಅಂಗಡಿ ಮತ್ತು ಮನೆಯ ಅಡುಗೆಕೋಣೆಯವರೆಗೂ ಹೋಗಿ ಉತ್ತರ ಹುಡುಕಬೇಕು.

ಓರೆ ಕಣ್ಣಲ್ಲಿ, ನಷ್ಟ ಮಿದುಳಿನಲ್ಲಿ

ಪ್ರತಿ ಕಣ್ಣುಗುಡ್ಡೆಯನ್ನು ತಿರುಗಿಸಲು ಆರು ಸ್ನಾಯುಗಳಿವೆ. ಅವುಗಳಿಗೆ ಮಿದುಳಿನಿಂದ ಆಜ್ಞೆ ತರಲು ಮೂರು ನರಗಳಿವೆ. ಎರಡೂ ಕಣ್ಣು ಒಂದೇ ವಸ್ತುವಿನ ಮೇಲೆ ನಿಂತಾಗ ಎರಡು ಚಿತ್ರಗಳು ಮಿದುಳಿನಲ್ಲಿ ಬೆಸೆದು ಒಂದಾಗುತ್ತವೆ, ಆ ಬೆಸುಗೆಯಿಂದಲೇ ಆಳದ ಅರಿವೂ ಬರುತ್ತದೆ. ಒಂದು ಕಣ್ಣು ಮೂಗಿನ ಕಡೆಗೋ ಕಿವಿಯ ಕಡೆಗೋ ವಾಲಿದರೆ ಚಿತ್ರಗಳು ಹೊಂದುವುದಿಲ್ಲ. ದೊಡ್ಡವರಿಗೆ ಹೀಗಾದರೆ ಒಂದು ಎರಡಾಗಿ ಕಾಣುತ್ತದೆ, ಅವರು ಕೂಡಲೇ ವೈದ್ಯರ ಬಳಿಗೆ ಓಡುತ್ತಾರೆ. ಬೆಳೆಯುತ್ತಿರುವ ಮಗುವಿನ ಮಿದುಳು ಬೇರೆ ಉಪಾಯ ಹುಡುಕಿಕೊಳ್ಳುತ್ತದೆ: ವಾಲಿದ ಕಣ್ಣಿನಿಂದ ಬರುವ ಚಿತ್ರವನ್ನು ಒತ್ತಿಹಿಡಿದು, ಇನ್ನೊಂದು ಕಣ್ಣನ್ನೇ ನಂಬಿಬಿಡುತ್ತದೆ. ಮಗುವಿಗೆ ತೊಂದರೆಯೇ ಅನ್ನಿಸದ ಕಾರಣ ಅದು ದೂರು ಹೇಳುವುದಿಲ್ಲ. ತಿಂಗಳುಗಳು ಕಳೆದಂತೆ ಆ ಕಣ್ಣಿನ ದೃಷ್ಟಿ ಬೆಳೆಯದೆ ಉಳಿಯುತ್ತದೆ. ಇದಕ್ಕೆ ರೂಢಿಯಲ್ಲಿರುವ ಹೆಸರು ಸೋಮಾರಿ ಕಣ್ಣು. ಈ ಹೆಸರಿನಲ್ಲಿ ಒಂದು ಅನ್ಯಾಯವಿದೆ, ಏಕೆಂದರೆ ಕಣ್ಣು ತನ್ನ ಕೆಲಸ ಮಾಡುತ್ತಲೇ ಇರುತ್ತದೆ. ಅದು ಕಳಿಸಿದ್ದನ್ನು ತೆಗೆದುಕೊಳ್ಳುವುದನ್ನು ಮಿದುಳು ನಿಲ್ಲಿಸಿರುತ್ತದೆ.

ಇದಕ್ಕೆ ಕಾಲದ ಗಡುವಿದೆ ಎಂಬುದನ್ನು ನರವಿಜ್ಞಾನಿಗಳಾದ ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟನ್ ವೀಸಲ್ 1960ರ ದಶಕದಲ್ಲಿ ಬೆಕ್ಕಿನ ಮರಿಗಳ ಮೇಲಿನ ಪ್ರಯೋಗಗಳಿಂದ ತೋರಿಸಿದರು. ಹುಟ್ಟಿದ ಮೊದಲ ವಾರಗಳಲ್ಲಿ ಒಂದು ಕಣ್ಣನ್ನು ಮುಚ್ಚಿಟ್ಟರೆ, ಅದನ್ನು ಮತ್ತೆ ತೆರೆದ ಮೇಲೂ ಮಿದುಳು ಆ ಕಣ್ಣಿಗೆ ಬಹುಮಟ್ಟಿಗೆ ಸ್ಪಂದಿಸಲಿಲ್ಲ. ಬೆಳೆದ ಬೆಕ್ಕಿನ ಕಣ್ಣನ್ನು ಅಷ್ಟೇ ಕಾಲ ಮುಚ್ಚಿದರೆ ಅಂಥ ಹಾನಿಯಾಗಲಿಲ್ಲ. 1981ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಮನುಷ್ಯರ ಮಕ್ಕಳಲ್ಲಿ ಈ ಕಾಲಾವಧಿ ವರ್ಷಗಳಷ್ಟು ಉದ್ದವಾಗಿದೆ, ಮತ್ತು ಅದು ಒಮ್ಮೆಲೇ ಮುಗಿಯುವುದಿಲ್ಲ. ಅಮೆರಿಕದ ಮಕ್ಕಳ ನೇತ್ರತಜ್ಞರ ಸಂಶೋಧನಾ ಬಳಗವು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕನ್ನಡಕದ ಜೊತೆಗೆ ಒಳ್ಳೆಯ ಕಣ್ಣನ್ನು ಮುಚ್ಚುವ ಪಟ್ಟಿ ಮತ್ತು ಔಷಧದ ಚಿಕಿತ್ಸೆ ಪಡೆದ 7ರಿಂದ 12 ವರ್ಷದ ಮಕ್ಕಳಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಮಂದಿಗೆ ದೃಷ್ಟಿ ಸುಧಾರಿಸಿತು. ಆದ್ದರಿಂದ ಎಂಟು ದಾಟಿತು, ಇನ್ನೇನೂ ಮಾಡಲಾಗದು ಎಂದು ಮಗುವನ್ನು ವಾಪಸು ಕಳಿಸುವುದು ತಪ್ಪು. ಆದರೂ ಬೇಗ ಆರಂಭಿಸಿದಷ್ಟೂ ಕಡಿಮೆ ಶ್ರಮಕ್ಕೆ ಹೆಚ್ಚು ಫಲ ಸಿಗುತ್ತದೆ ಎಂಬುದು ನಿಜ.

ಮೆಳ್ಳೆಗಣ್ಣು ನೂರರಲ್ಲಿ ಎರಡರಿಂದ ನಾಲ್ಕು ಮಕ್ಕಳಲ್ಲಿ ಕಾಣಿಸಿಕೊಳ್ಳುವ ದೋಷ. ನಮ್ಮಲ್ಲಿ ಇದನ್ನು ಅದೃಷ್ಟದ ಲಕ್ಷಣ ಎನ್ನುವವರಿದ್ದಾರೆ. ದೊಡ್ಡವರಾದ ಮೇಲೆ ತಾನಾಗಿ ಸರಿಹೋಗುತ್ತದೆ ಎಂದು ಸಮಾಧಾನ ಹೇಳುವವರು ಅದಕ್ಕಿಂತ ಹೆಚ್ಚು. ಎರಡನೆಯ ಮಾತಿನಲ್ಲಿ ಒಂದಿಷ್ಟು ನಿಜವಿದೆ, ಅಪಾಯವಿರುವುದೂ ಅಲ್ಲೇ. ಹುಟ್ಟಿದ ಮೊದಲ ಎರಡು ಮೂರು ತಿಂಗಳು ಕೂಸಿನ ಕಣ್ಣು ಆಗಾಗ ವಾಲುವುದು ಸಹಜ. ಮೂಗಿನ ಸೇತುವೆ ಅಗಲವಾಗಿದ್ದು, ಕಣ್ಣಿನ ಒಳಮೂಲೆಯಲ್ಲಿ ಚರ್ಮದ ಮಡಿಕೆಯಿದ್ದರೆ ನೇರವಾದ ಕಣ್ಣೂ ಒಳಗೆ ವಾಲಿದಂತೆ ಕಾಣುತ್ತದೆ. ಮುಖ ಬೆಳೆದಂತೆ ಆ ಭ್ರಮೆ ಕರಗುತ್ತದೆ. ಇಂಥ ಮಕ್ಕಳನ್ನು ಕಂಡವರ ಅನುಭವವೇ ನಿಜವಾದ ಮೆಳ್ಳೆಗಣ್ಣಿನ ಮಗುವಿನ ಮನೆಯವರಿಗೆ ಉಪದೇಶವಾಗಿ ಬರುತ್ತದೆ, ಅವರು ಕಾಯುತ್ತಾರೆ. ನಾಲ್ಕು ತಿಂಗಳು ದಾಟಿದ ಮೇಲೂ ಕಣ್ಣು ವಾಲುತ್ತಿದ್ದರೆ ಕಾಯಬಾರದು. ಇದಕ್ಕೆ ಇನ್ನೊಂದು ಗಂಭೀರ ಕಾರಣವೂ ಇದೆ: ರೆಟಿನಾದಲ್ಲಿ ಬೆಳೆಯುವ ರೆಟಿನೊಬ್ಲಾಸ್ಟೋಮಾ ಎಂಬ ಕ್ಯಾನ್ಸರ್ ಗಡ್ಡೆಯು ಬಿಳಿ ಪಾಪೆಯ ನಂತರ ಅತಿ ಹೆಚ್ಚಾಗಿ ಹೊರಗೆ ಕಾಣಿಸಿಕೊಳ್ಳುವುದು ಮೆಳ್ಳೆಗಣ್ಣಿನ ರೂಪದಲ್ಲೇ. ಅಪರೂಪದ ಕಾಯಿಲೆಯಾದರೂ ಅದರಲ್ಲಿ ತಡವೆಂದರೆ ಜೀವಕ್ಕೇ ಅಪಾಯ.

ಟಾರ್ಚಿನ ಚುಕ್ಕಿಯಿಂದ ಲೇಸರ್‌ವರೆಗೆ

ಈಗಿನ ಯಂತ್ರಗಳ ಹಿಂದಿರುವ ಮೂಲ ಉಪಾಯ ಬಹಳ ಹಳೆಯದು. 19ನೇ ಶತಮಾನದ ಕೊನೆಯ ಭಾಗದಲ್ಲಿ ಜರ್ಮನಿಯ ನೇತ್ರವೈದ್ಯ ಯೂಲಿಯಸ್ ಹಿರ್ಷ್‌ಬರ್ಗ್ ಒಂದು ಸರಳ ಪರೀಕ್ಷೆಯನ್ನು ವಿವರಿಸಿದರು. ಮಗುವಿನ ಎದುರು ಬೆಳಕು ಹಿಡಿದರೆ ಎರಡು ಕಣ್ಣುಗಳ ಮೇಲೂ ಒಂದೊಂದು ಸಣ್ಣ ಬಿಳಿ ಚುಕ್ಕಿ ಹೊಳೆಯುತ್ತದೆ. ಚುಕ್ಕಿಗಳು ಎರಡೂ ಪಾಪೆಗಳಲ್ಲಿ ಒಂದೇ ಜಾಗದಲ್ಲಿದ್ದರೆ ಕಣ್ಣು ನೇರ. ಒಂದರಲ್ಲಿ ನಡುವೆಯೂ ಇನ್ನೊಂದರಲ್ಲಿ ಪಾಪೆಯ ಅಂಚಿನಲ್ಲಿಯೂ ಇದ್ದರೆ ಆ ಎರಡನೆಯ ಕಣ್ಣು ವಾಲಿದೆ ಎಂದರ್ಥ. ಚುಕ್ಕಿ ಒಂದು ಮಿಲಿಮೀಟರ್ ಸರಿದರೆ ಕಣ್ಣು ಸರಿಸುಮಾರು 7 ಡಿಗ್ರಿ ವಾಲಿದೆ ಎಂಬುದು ರೂಢಿಯ ಲೆಕ್ಕ. ಒಂದು ಮಿಲಿಮೀಟರೆಂದರೆ ಸಾಸಿವೆ ಕಾಳಿಗಿಂತಲೂ ಚಿಕ್ಕ ಅಂತರ. ಅಳುವ, ಮುಖ ತಿರುಗಿಸುವ ಮಗುವಿನ ಕಣ್ಣಿನಲ್ಲಿ ಅದನ್ನು ಅಳೆಯುವುದು ಎಷ್ಟು ಕಷ್ಟವೆಂದು ಊಹಿಸಿಕೊಳ್ಳಬಹುದು. ತಜ್ಞರು ಇದರ ಮೇಲೆ ಒಂದು ಕಣ್ಣು ಮುಚ್ಚಿ ನೋಡುವ ಪರೀಕ್ಷೆಯನ್ನೂ ಮಾಡುತ್ತಾರೆ. ನೋಡುತ್ತಿದ್ದ ಕಣ್ಣಿಗೆ ಅಂಗೈಯನ್ನೋ ಹಲಗೆಯನ್ನೋ ಅಡ್ಡ ಹಿಡಿದಾಗ ಇನ್ನೊಂದು ಕಣ್ಣು ಚಕ್ಕನೆ ಸರಿದು ವಸ್ತುವಿನ ಮೇಲೆ ಬಂದು ನಿಂತರೆ, ಅದುವರೆಗೆ ಅದು ಬೇರೆಲ್ಲೋ ನೋಡುತ್ತಿತ್ತು ಎಂದಾಯಿತು. ಕೈಪಳಗಿದ ತಜ್ಞರ ಈ ಪರೀಕ್ಷೆಯನ್ನು ಮೀರಿಸುವ ಯಂತ್ರ ಇನ್ನೂ ಬಂದಿಲ್ಲ. ಅಂಥ ಕೈಗಳ ಸಂಖ್ಯೆ ಸಾಲದಿರುವುದರಿಂದಲೇ ಯಂತ್ರಗಳು ಬೇಕಾಗಿವೆ.

ಯಂತ್ರಗಳೆಲ್ಲವೂ ಅಳೆಯುವುದು ಒಂದನ್ನೇ ಅಲ್ಲ. ಸುದ್ದಿಗಳಲ್ಲಿ ಈ ವ್ಯತ್ಯಾಸ ಅಳಿಸಿಹೋಗುತ್ತದೆ. ಮೊದಲನೆಯ ಬಗೆಯವು ಛಾಯಾಚಿತ್ರ ಯಂತ್ರಗಳು. ಸುಮಾರು ಒಂದು ಮೀಟರ್ ದೂರದಿಂದ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಬಿಟ್ಟು, ಪಾಪೆಯಿಂದ ಮರಳುವ ಹೊಳಪಿನ ಆಕಾರವನ್ನು ನೋಡಿ ಕಣ್ಣಿನ ಪವರನ್ನು ಅಂದಾಜು ಮಾಡುತ್ತವೆ, ಜೊತೆಗೆ ಹಿರ್ಷ್‌ಬರ್ಗ್ ಚುಕ್ಕಿಗಳ ಅಂತರವನ್ನೂ ಲೆಕ್ಕ ಹಾಕುತ್ತವೆ. ಇವು ಹೇಳುವುದು ಸೋಮಾರಿ ಕಣ್ಣಿಗೆ ದಾರಿ ಮಾಡುವ ಕಾರಣಗಳಿವೆಯೇ ಎಂಬುದನ್ನು, ಮಗುವಿಗೆ ಎಷ್ಟು ಕಾಣುತ್ತದೆ ಎಂಬುದನ್ನಲ್ಲ. ಎರಡನೆಯ ಬಗೆ ಹೊಸದು ಮತ್ತು ಜಾಣತನದ್ದು. ರೆಟಿನಾದ ನಡುಬಿಂದುವಿನ ಸುತ್ತ ನರತಂತುಗಳು ಗಾಡಿಚಕ್ರದ ಕಡ್ಡಿಗಳಂತೆ ಹರಡಿರುತ್ತವೆ. ಧ್ರುವೀಕರಿಸಿದ ಬೆಳಕನ್ನು ಅವುಗಳ ಮೇಲೆ ವೃತ್ತಾಕಾರವಾಗಿ ಆಡಿಸಿದರೆ ಮರಳುವ ಸಂಕೇತದಿಂದ ಕಣ್ಣು ಗುರಿಯ ಮೇಲೆ ನಿಂತಿದೆಯೋ ಇಲ್ಲವೋ ತಿಳಿಯುತ್ತದೆ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಗೈಟನ್ ಅವರ ಬಳಗದಲ್ಲಿ ಬೆಳೆದ ಈ ತಂತ್ರವನ್ನು ಬಾಸ್ಟನ್ ಮಕ್ಕಳ ಆಸ್ಪತ್ರೆಯ ಡೇವಿಡ್ ಹಂಟರ್ ಮತ್ತಿತರರು ಕೈಯಲ್ಲಿ ಹಿಡಿಯುವ ಸಾಧನವಾಗಿ ರೂಪಿಸಿದರು. ಬ್ಲಿಂಕ್ ಎಂಬ ಆ ಯಂತ್ರಕ್ಕೆ 2018ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ಒಪ್ಪಿಗೆ ಸಿಕ್ಕಿತು. ಎರಡೂ ಕಣ್ಣು ಒಟ್ಟಿಗೆ ಗುರಿ ಹಿಡಿಯುತ್ತಿವೆಯೇ ಎಂದು ನೇರವಾಗಿ ಕೇಳುವ ಕಾರಣ ಇದು ಬರಿಗಣ್ಣಿಗೆ ಕಾಣದಷ್ಟು ಸಣ್ಣ ಮೆಳ್ಳೆಯನ್ನೂ ಹಿಡಿಯಬಲ್ಲದು, ಆದರೆ ಕನ್ನಡಕದ ಪವರನ್ನು ಹೇಳಲಾರದು. ಮೂರನೆಯದು ಕೃತಕ ಬುದ್ಧಿಮತ್ತೆಯ ಮೊಬೈಲ್ ವ್ಯವಸ್ಥೆ. ಮಗುವಿನ ತಲೆ ವಾಲುವ ಬಗೆ, ನೋಟ ಅಲೆಯುವ ಬಗೆ, ಮುಖದ ಲಕ್ಷಣಗಳು, ಎಲ್ಲವನ್ನೂ ವಿಡಿಯೊದಿಂದ ಕಲಿತು ಅದು ತೀರ್ಪು ಕೊಡುತ್ತದೆ.

0.940 ಎಂದರೆ ಏನು, ಏನಲ್ಲ

ಮೂರನೆಯ ಬಗೆಗೆ ಅತ್ಯುತ್ತಮ ಉದಾಹರಣೆ ಚೀನಾದ ಗುವಾಂಗ್‌ಝೌನಲ್ಲಿ ರೂಪುಗೊಂಡ ಅಪೊಲೊ ಇನ್‌ಫೆಂಟ್ ಸೈಟ್. ನಾಲ್ಕು ವರ್ಷದೊಳಗಿನ 3,652 ಮಕ್ಕಳ ವಿಡಿಯೊಗಳಿಂದ ಅದನ್ನು ಕಟ್ಟಿ ಪರೀಕ್ಷಿಸಿದ ವಿವರ 2023ರಲ್ಲಿ ‘ನೇಚರ್ ಮೆಡಿಸಿನ್’ ಎಂಬ ವೈದ್ಯಕೀಯ ಸಂಶೋಧನಾ ಪತ್ರಿಕೆಯಲ್ಲಿ ಬಂತು. ಮೆಳ್ಳೆಗಣ್ಣು ಮಾತ್ರವಲ್ಲದೆ 16 ಬಗೆಯ ಕಣ್ಣಿನ ತೊಂದರೆಗಳಿಂದಾಗುವ ದೃಷ್ಟಿದೋಷವನ್ನು ಗುರುತಿಸುವುದು ಅದರ ಕೆಲಸ. ಅದರ ನಿಖರತೆಯ ಅಳತೆ ಸಂಶೋಧಕರ ಸ್ವಂತ ಪರೀಕ್ಷೆಯಲ್ಲಿ 0.940 ಇತ್ತು, ಬೇರೆ ಆಸ್ಪತ್ರೆಗಳಲ್ಲಿ 0.843ಕ್ಕೆ ಇಳಿಯಿತು, ತರಬೇತಿಯಿಲ್ಲದ ತಂದೆತಾಯಿ ಮನೆಯಲ್ಲೇ ಬಳಸಿದಾಗ 0.859 ಬಂತು. ಈ ಅಳತೆಯ ಅರ್ಥ ಇಷ್ಟು: ದೋಷವಿರುವ ಒಂದು ಮಗು, ಇಲ್ಲದ ಒಂದು ಮಗು ಎಂದು ಜೋಡಿ ಮಾಡಿ ಮುಂದಿಟ್ಟರೆ, ನೂರು ಜೋಡಿಗಳಲ್ಲಿ ಎಷ್ಟು ಸಲ ವ್ಯವಸ್ಥೆಯು ದೋಷವಿರುವ ಮಗುವಿನ ಕಡೆಗೇ ಬೆರಳು ತೋರಿಸುತ್ತದೆ. ಮನೆಯ ಬೆಳಕಿನಲ್ಲಿ, ತಾಯಿಯ ಮಡಿಲಲ್ಲಿ ಕೂತ ಮಗುವಿನ ಮೇಲೆ 0.859 ಬಂದದ್ದು ನಿಜಕ್ಕೂ ದೊಡ್ಡ ಸಾಧನೆ.

ಆದರೆ ಅಂಗನವಾಡಿಯಲ್ಲಿ ದೋಷವಿರುವವರೂ ಇಲ್ಲದವರೂ ಜೋಡಿ ಜೋಡಿಯಾಗಿ ಬರುವುದಿಲ್ಲ. ಲೆಕ್ಕಕ್ಕಾಗಿ ಒಂದು ತಾಲ್ಲೂಕಿನ 1,000 ಮಕ್ಕಳನ್ನು ತೆಗೆದುಕೊಳ್ಳೋಣ. ಅವರಲ್ಲಿ 30 ಮಂದಿಗೆ ನಿಜವಾಗಿ ದೋಷವಿದೆ ಎನ್ನೋಣ. ಯಂತ್ರವು ದೋಷವಿರುವ ನೂರರಲ್ಲಿ 90 ಮಕ್ಕಳನ್ನು ಹಿಡಿಯುತ್ತದೆ, ಇಲ್ಲದ ನೂರರಲ್ಲಿ 90 ಮಕ್ಕಳನ್ನು ಸರಿಯಾಗಿ ಬಿಟ್ಟುಬಿಡುತ್ತದೆ ಎಂದು ಭಾವಿಸಿದರೆ, ಕೇಳಲು ಇದು ಒಳ್ಳೆಯ ಯಂತ್ರ. ಅದು 30ರಲ್ಲಿ 27 ಮಕ್ಕಳನ್ನು ಹಿಡಿದು ಮೂವರನ್ನು ತಪ್ಪಿಸುತ್ತದೆ. ಉಳಿದ 970 ಮಕ್ಕಳಲ್ಲಿ 97 ಮಂದಿಗೆ ಇಲ್ಲದ ದೋಷವನ್ನು ಹೇಳುತ್ತದೆ. ಒಟ್ಟು 124 ಮಕ್ಕಳು ಜಿಲ್ಲಾಸ್ಪತ್ರೆಗೆ ಹೋಗಬೇಕು ಎಂದಾಯಿತು. ಅವರಲ್ಲಿ ನಿಜವಾದ ದೋಷವಿರುವವರು ಸುಮಾರು ಐವರಲ್ಲಿ ಒಬ್ಬರು. ಇದೇ ಯಂತ್ರವನ್ನು ಅರ್ಧಕ್ಕರ್ಧ ಮಕ್ಕಳಿಗೆ ದೋಷವಿರುವ ಕಣ್ಣಾಸ್ಪತ್ರೆಯಲ್ಲಿ ಇಟ್ಟರೆ ಅದು ಬೆರಳು ತೋರಿಸಿದ ಹತ್ತರಲ್ಲಿ ಒಂಬತ್ತು ಮಕ್ಕಳಿಗೆ ನಿಜವಾಗಿ ದೋಷವಿರುತ್ತದೆ. ಯಂತ್ರ ಬದಲಾಗಿಲ್ಲ, ಅದನ್ನು ಇಟ್ಟ ಜಾಗ ಬದಲಾಗಿದೆ.

ಉಳಿದ 97 ಮನೆಗಳಿಗೆ ಏನಾಗುತ್ತದೆ ಎಂಬುದನ್ನೂ ನೋಡಬೇಕು. ತಾಯಿಯೋ ತಂದೆಯೋ ಒಂದು ದಿನದ ಕೂಲಿ ಬಿಟ್ಟು, ಬಸ್ಸು ಹಿಡಿದು ಜಿಲ್ಲಾ ಕೇಂದ್ರಕ್ಕೆ ಬಂದು, ಚೀಟಿ ಮಾಡಿಸಿ, ಪಾಪೆ ಅಗಲಿಸುವ ಹನಿ ಹಾಕಿಸಿಕೊಂಡ ಮಗುವನ್ನು ಮಡಿಲಲ್ಲಿಟ್ಟು ಕಾಯುತ್ತಾರೆ. ಸಂಜೆಗೆ ಏನೂ ಇಲ್ಲ ಎಂದು ತಿಳಿದು ಮರಳುತ್ತಾರೆ. ಆ ಬೀದಿಯಲ್ಲಿ ಮುಂದಿನ ಸಲ ಯಂತ್ರ ಕೆಂಪು ದೀಪ ತೋರಿಸಿದಾಗ, ನಿಜವಾದ ದೋಷವಿರುವ ಪಕ್ಕದ ಮನೆಯ ಮಗುವನ್ನು ಕರೆತರುವ ಉತ್ಸಾಹ ಯಾರಿಗೂ ಉಳಿದಿರುವುದಿಲ್ಲ. ಇದಕ್ಕಾಗಿಯೇ ಎರಡನೆಯ ಸುತ್ತಿನ ಪರೀಕ್ಷೆ ಮನೆಯ ಹತ್ತಿರದಲ್ಲೇ, ತಾಲ್ಲೂಕು ಮಟ್ಟದಲ್ಲಿ ನಡೆಯುವುದು ಅಗತ್ಯ.

ಒಂದು ಕ್ಷಣದ ಚಿತ್ರಕ್ಕೆ ಸಿಗದ ಮೆಳ್ಳೆ

ಲೆಕ್ಕದ ತೊಡಕಿನ ಮೇಲೆ ಕಣ್ಣಿನ ಸ್ವಭಾವದ ತೊಡಕೂ ಇದೆ. ಏಷ್ಯಾದ ಮಕ್ಕಳಲ್ಲಿ ಹೊರಗೆ ವಾಲುವ, ಅದರಲ್ಲೂ ಬಂದುಹೋಗುವ ಮೆಳ್ಳೆ ಸಾಮಾನ್ಯ. ಇಂಥ ಮಗು ಹತ್ತಿರದ ವಸ್ತುವನ್ನು ಗಮನವಿಟ್ಟು ನೋಡುವಾಗ ಕಣ್ಣು ನೇರವಾಗಿಯೇ ಇರುತ್ತದೆ. ನಿದ್ದೆ ಬಂದಾಗ, ಜ್ವರದಲ್ಲಿ, ದೂರವನ್ನು ದಿಟ್ಟಿಸಿ ಕುಳಿತಾಗ ಒಂದು ಕಣ್ಣು ಮೆಲ್ಲನೆ ಹೊರಕ್ಕೆ ಜಾರುತ್ತದೆ. ಬಿಸಿಲಿಗೆ ಬಂದ ಕೂಡಲೇ ಒಂದೇ ಕಣ್ಣನ್ನು ಮುಚ್ಚಿಕೊಳ್ಳುವುದು ಇದರ ಹೆಗ್ಗುರುತು. ಒಂದು ಮೀಟರ್ ದೂರದಲ್ಲಿ ಬಣ್ಣದ ದೀಪ ಮಿನುಗಿಸಿ, ಹಕ್ಕಿಯ ಸದ್ದು ಮಾಡಿ ಮಗುವಿನ ಗಮನ ಸೆಳೆಯುವ ಯಂತ್ರವು, ಆ ಗಮನದಿಂದಾಗಿಯೇ ಕಣ್ಣು ನೇರವಾದ ಗಳಿಗೆಯನ್ನು ಸೆರೆಹಿಡಿದು ‘ಸರಿಯಿದೆ’ ಎನ್ನಬಹುದು. ಇಂಥ ಕಡೆ ಅಜ್ಜಿ ಹೇಳುವ ‘ಅಂಗಳಕ್ಕೆ ಬಂದ್ರೆ ಒಂದು ಕಣ್ಣು ಮುಚ್ಚುತ್ತೆ’ ಎಂಬ ಮಾತಿಗೆ ಯಂತ್ರದ ತೀರ್ಪಿಗಿಂತ ಹೆಚ್ಚಿನ ಬೆಲೆಯಿದೆ, ಅದನ್ನು ಬರೆದುಕೊಳ್ಳಲು ತಪಾಸಣೆಯ ನಮೂನೆಯಲ್ಲಿ ಒಂದು ಸಾಲು ಇರಬೇಕು.

ಇನ್ನು, ಒಂದು ನಾಡಿನ ಮುಖಗಳಿಂದ ಕಲಿತ ವ್ಯವಸ್ಥೆಯನ್ನು ಇನ್ನೊಂದು ನಾಡಿಗೆ ಹಾಗೆಯೇ ತಂದರೆ ಅದು ಎಡವಬಹುದು. ಕಣ್ಣಿನ ಒಳಮೂಲೆಯ ಮಡಿಕೆ, ಕಣ್ಣಿನೊಳಗಿನ ಬಣ್ಣದ ಗಾಢತೆ, ಪಾಪೆಯಿಂದ ಮರಳುವ ಹೊಳಪು, ಇವೆಲ್ಲ ಜನಸಮುದಾಯದಿಂದ ಸಮುದಾಯಕ್ಕೆ ಬೇರೆಯಾಗುತ್ತವೆ. ಇಲ್ಲಿನ ಮಕ್ಕಳ ಮೇಲೆ ಪರೀಕ್ಷಿಸಿ, ತೇರ್ಗಡೆಯ ಗೆರೆಯನ್ನು ಮತ್ತೆ ಎಳೆಯದೆ ಯಾವ ಯಂತ್ರವನ್ನೂ ಸಾವಿರಾರು ಸಂಖ್ಯೆಯಲ್ಲಿ ಕೊಳ್ಳುವುದು ಸರಿಯಲ್ಲ.

ಬೇಗ ನೋಡಬೇಕೆನ್ನುವವರು, ಕಾಯಬಹುದೆನ್ನುವವರು

ಬೇಗ ನೋಡಬೇಕೆನ್ನುವವರ ಬಳಿ ಗಟ್ಟಿ ಪುರಾವೆ ಒಂದಿದೆ. ಇಂಗ್ಲೆಂಡಿನ ಬ್ರಿಸ್ಟಲ್ ಸುತ್ತಮುತ್ತ ಹುಟ್ಟಿದ ಮಕ್ಕಳಲ್ಲಿ ಒಂದು ಗುಂಪನ್ನು 8 ತಿಂಗಳಿಂದ 37 ತಿಂಗಳವರೆಗೆ ಮತ್ತೆ ಮತ್ತೆ ಪರೀಕ್ಷಿಸಿದರು, ಇನ್ನೊಂದು ಗುಂಪನ್ನು 37 ತಿಂಗಳಿಗೆ ಒಮ್ಮೆ ಮಾತ್ರ. ಏಳೂವರೆ ವರ್ಷದ ಹೊತ್ತಿಗೆ ಸೋಮಾರಿ ಕಣ್ಣು ಉಳಿದಿದ್ದದ್ದು ಮೊದಲ ಗುಂಪಿನಲ್ಲಿ 0.6%, ಎರಡನೆಯದರಲ್ಲಿ 1.8% ಎಂದು 2002ರಲ್ಲಿ ವರದಿಯಾಯಿತು. ಕಾಯಬಹುದೆನ್ನುವವರು ಸ್ವೀಡನ್ನಿನತ್ತ ಕೈತೋರುತ್ತಾರೆ. ಅಲ್ಲಿ ನಾಲ್ಕು ವರ್ಷದ ಹೊತ್ತಿಗೆ ಅಕ್ಷರಪಟ ತೋರಿಸಿ ನಡೆಸುವ ತಪಾಸಣೆಯಿಂದಲೇ, ಆಳವಾದ ಸೋಮಾರಿ ಕಣ್ಣಿನ ಪ್ರಮಾಣ 2%ರಿಂದ 0.2%ಕ್ಕೆ ಇಳಿಯಿತು. ಬ್ರಿಟನ್ ಕೂಡ 4ರಿಂದ 5 ವರ್ಷದ ತಪಾಸಣೆಯನ್ನೇ ನಂಬಿದೆ. ಆ ವಯಸ್ಸಿನ ಮಗು ಅಕ್ಷರವನ್ನೋ ಚಿತ್ರವನ್ನೋ ಗುರುತಿಸಿ ಹೇಳಬಲ್ಲದು, ಹಾಗಾಗಿ ತಪ್ಪು ಎಚ್ಚರಿಕೆ ಕಡಿಮೆ, ಚಿಕಿತ್ಸೆಗೆ ಕಾಲವೂ ಇನ್ನೂ ಮೀರಿರುವುದಿಲ್ಲ ಎಂಬುದು ಅವರ ವಾದ.

ಈ ಎರಡೂ ಕಡೆಯ ಪುರಾವೆಗಳಲ್ಲಿ ಸಮಾನವಾಗಿರುವ ಸಂಗತಿಯೊಂದನ್ನು ಚರ್ಚೆಯಲ್ಲಿ ಯಾರೂ ಎತ್ತಿ ಹೇಳುವುದಿಲ್ಲ. ಬ್ರಿಸ್ಟಲ್‌ನಲ್ಲಾಗಲಿ ಸ್ವೀಡನ್ನಿನಲ್ಲಾಗಲಿ ದೋಷ ಕಂಡ ಮಗುವಿಗೆ ಮುಂದಿನ ಮನೆ ಸಿದ್ಧವಾಗಿತ್ತು: ಪರೀಕ್ಷಿಸುವವರು, ಕನ್ನಡಕ ಕೊಡುವವರು, ತಿಂಗಳು ತಿಂಗಳು ಮತ್ತೆ ನೋಡುವವರು. ವಯಸ್ಸು ಒಂದೋ ನಾಲ್ಕೋ ಎಂಬ ವಾದಕ್ಕೆ ಅರ್ಥ ಬರುವುದು ಆ ಮುಂದಿನ ಮನೆ ಇದ್ದಾಗ.

ಕರ್ನಾಟಕದಲ್ಲಿ ದಾರಿ ಎಲ್ಲಿದೆ, ಎಲ್ಲಿ ಕಡಿದಿದೆ

ನಮ್ಮಲ್ಲಿ ಕಟ್ಟಡದ ತಳಪಾಯ ಇದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ, ಇಬ್ಬರು ಆಯುಷ್ ವೈದ್ಯರು, ಒಬ್ಬ ದಾದಿ ಮತ್ತು ಒಬ್ಬ ಔಷಧ ವಿತರಕರಿರುವ ಸಂಚಾರಿ ತಂಡಗಳು ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗಳಿಗೆ ಒಂದು ಸಲ ಹೋಗಬೇಕು. ಅವು ನೋಡಬೇಕಾದ 30 ಸಮಸ್ಯೆಗಳಲ್ಲಿ ದೃಷ್ಟಿದೋಷವೂ ಒಂದು. ದೋಷ ಕಂಡ ಮಗುವನ್ನು ಕಳಿಸಲು ಜಿಲ್ಲಾ ಮಟ್ಟದಲ್ಲಿ ಶೀಘ್ರ ಮಧ್ಯಸ್ಥಿಕೆ ಕೇಂದ್ರಗಳಿವೆ. ಹೃದಯದ ರಂಧ್ರದಿಂದ ಸೀಳು ತುಟಿಯವರೆಗೆ ಎಲ್ಲವನ್ನೂ ಒಂದೇ ಭೇಟಿಯಲ್ಲಿ ನೋಡಬೇಕಾದ ತಂಡಕ್ಕೆ ಎರಡು ಸೆಕೆಂಡಿನಲ್ಲಿ ಕಣ್ಣು ನೋಡುವ ಯಂತ್ರ ನಿಜವಾದ ಆಸರೆಯಾಗಬಲ್ಲದು. ಮಕ್ಕಳ ಮೆಳ್ಳೆಗಣ್ಣಿನಲ್ಲಿ ಪರಿಣತರಾದ ನೇತ್ರತಜ್ಞರು ಮಾತ್ರ ದೊಡ್ಡ ನಗರಗಳಲ್ಲೇ ಸೇರಿಕೊಂಡಿದ್ದಾರೆ, ದಾರಿ ಕಡಿಯುವುದು ಅಲ್ಲಿ.

ಕಡಿದ ದಾರಿಯನ್ನು ಜೋಡಿಸುವುದು ಹೇಗೆಂದು ಈ ನಾಡಿಗೆ ಈಗಾಗಲೇ ಗೊತ್ತಿದೆ. ಅವಧಿಗೆ ಮುನ್ನ ಹುಟ್ಟಿದ ಶಿಶುಗಳ ರೆಟಿನಾ ಹಾನಿಯನ್ನು ತಡೆಯಲು ಬೆಂಗಳೂರಿನ ನಾರಾಯಣ ನೇತ್ರಾಲಯವು 2008ರಲ್ಲಿ ಆರಂಭಿಸಿದ ಕಿಡ್ರಾಪ್ ಯೋಜನೆಯಲ್ಲಿ, ವೈದ್ಯರಲ್ಲದ ತರಬೇತಾದ ತಂತ್ರಜ್ಞರು ಕ್ಯಾಮೆರಾ ಹೊತ್ತು, ಗೊತ್ತುಪಡಿಸಿದ ದಿನಗಳಲ್ಲಿ ಜಿಲ್ಲೆಗಳ ನವಜಾತ ಶಿಶು ಘಟಕಗಳಿಗೆ ಹೋಗುತ್ತಾರೆ. ರೆಟಿನಾದ ಚಿತ್ರ ತೆಗೆದು ಅಂತರ್ಜಾಲದ ಮೂಲಕ ತಜ್ಞರಿಗೆ ಕಳಿಸುತ್ತಾರೆ, ಚಿಕಿತ್ಸೆ ಬೇಕಾದ ಕೂಸಿಗೆ ಅದು ದೊರೆಯುವ ಏರ್ಪಾಡೂ ಅದೇ ಸರಪಳಿಯ ಭಾಗ. ಆ ಕೆಲಸದ ಗೆಲುವಿಗೆ ಕ್ಯಾಮೆರಾ ಎಷ್ಟು ಕಾರಣವೋ ಮುಂದಿನ ವಾರವೂ ತಪ್ಪದೆ ಬರುವ ತಂತ್ರಜ್ಞರು ಅದಕ್ಕಿಂತ ಹೆಚ್ಚು ಕಾರಣ. ಅವಧಿಗೆ ಮುನ್ನ ಹುಟ್ಟಿದ ಮಕ್ಕಳಲ್ಲಿ ಮೆಳ್ಳೆಗಣ್ಣಿನ ಸಾಧ್ಯತೆಯೂ ಹೆಚ್ಚು. ಹಾಗಾಗಿ ರೆಟಿನಾ ಸರಿಯಿದೆ ಎಂದು ಬಿಡುಗಡೆಯಾದ ಕೂಸುಗಳ ಪಟ್ಟಿಯನ್ನೇ ಹಿಡಿದು, ಒಂದು ಮತ್ತು ಮೂರು ವರ್ಷಕ್ಕೆ ಅವರನ್ನು ಮತ್ತೆ ಕರೆಯುವುದು ಆರಂಭಕ್ಕೆ ಅತ್ಯಂತ ಸೂಕ್ತವಾದ ಹೆಜ್ಜೆ. ಆ ಗುಂಪಿನಲ್ಲಿ ದೋಷದ ಪ್ರಮಾಣ ಹೆಚ್ಚಿರುವುದರಿಂದ ತಪ್ಪು ಎಚ್ಚರಿಕೆಯ ಲೆಕ್ಕವೂ ನಮ್ಮ ಕಡೆಗೆ ವಾಲುತ್ತದೆ.

ಪತ್ತೆಯಾದ ಮರುದಿನ

ಚಿಕಿತ್ಸೆ ಒಂದೇ ದಿನದ್ದಲ್ಲ ಎಂಬುದನ್ನು ಯಂತ್ರದ ಸುದ್ದಿ ಮರೆಸಿಬಿಡುತ್ತದೆ. ಪ್ಲಸ್ ಪವರಿನಿಂದಾಗಿ ಒಳಗೆ ವಾಲುವ ಕಣ್ಣು ಕೆಲವು ಮಕ್ಕಳಲ್ಲಿ ಕನ್ನಡಕ ಹಾಕಿದರೆ ಸಾಕು ನೇರವಾಗುತ್ತದೆ. ಸೋಮಾರಿ ಕಣ್ಣಿದ್ದರೆ ಒಳ್ಳೆಯ ಕಣ್ಣಿಗೆ ಪಟ್ಟಿ ಅಂಟಿಸಿ ಇನ್ನೊಂದರಿಂದ ಕೆಲಸ ಮಾಡಿಸಬೇಕು. ಮಧ್ಯಮ ಪ್ರಮಾಣದ ದೋಷಕ್ಕೆ ದಿನಕ್ಕೆ ಎರಡು ಗಂಟೆಯ ಪಟ್ಟಿಯು ಆರು ಗಂಟೆಯಷ್ಟೇ ಫಲ ಕೊಡುತ್ತದೆ ಎಂದು 2003ರಲ್ಲೇ ಗೊತ್ತಾಯಿತು. ಹೊಲದ ಕೆಲಸಕ್ಕೆ ಹೋಗುವ ತಾಯಿಗೆ ಈ ವ್ಯತ್ಯಾಸ ಎಷ್ಟು ದೊಡ್ಡದೆಂದು ಬಿಡಿಸಿ ಹೇಳಬೇಕಿಲ್ಲ. ಆದರೂ ಚೆನ್ನಾಗಿ ಕಾಣುವ ಕಣ್ಣನ್ನು ಮುಚ್ಚಿದರೆ ಮಗು ಪಟ್ಟಿ ಕಿತ್ತೆಸೆಯುತ್ತದೆ. ಬ್ರಿಟನ್ನಿನಲ್ಲಿ ಪಟ್ಟಿಗೆ ಎಲೆಕ್ಟ್ರಾನಿಕ್ ಮಾಪಕ ಜೋಡಿಸಿ ನೋಡಿದಾಗ ವೈದ್ಯರು ಹೇಳಿದ ಹೊತ್ತಿನ ಅರ್ಧದಷ್ಟೂ ಮಕ್ಕಳು ಅದನ್ನು ಧರಿಸಿರಲಿಲ್ಲ. ಇದಕ್ಕೆ ಪರ್ಯಾಯವಾಗಿ, ಎರಡು ಕಣ್ಣಿಗೂ ಬೇರೆ ಬೇರೆ ಗಾಢತೆಯ ಚಿತ್ರ ತೋರಿಸುವ ಲುಮಿನೋಪಿಯಾ ಎಂಬ ತಲೆಗವಸಿನ ಸಾಧನಕ್ಕೆ 2021ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ನಮ್ಮ ತಾಲ್ಲೂಕು ಆಸ್ಪತ್ರೆಗಳಿಗೆ ಸದ್ಯಕ್ಕೆ ಪಟ್ಟಿಯೇ ಕೈಗೆಟಕುವ ಚಿಕಿತ್ಸೆ. ಇವಾವುದರಿಂದಲೂ ನೇರವಾಗದ ಕಣ್ಣಿಗೆ ಸ್ನಾಯುವಿನ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ, ಅದರ ನಂತರವೂ ಕನ್ನಡಕ ಮತ್ತು ಪಟ್ಟಿ ಮುಂದುವರಿಯಬಹುದು.

ಹೀಗಿರುವಾಗ ಯಂತ್ರ ಖರೀದಿ ಮಾತ್ರ ನಡೆದರೆ ಆಗುವುದು ಇಷ್ಟು: ಪರೀಕ್ಷೆಯಾದ ಮಕ್ಕಳ ಸಂಖ್ಯೆ ವರದಿಯಲ್ಲಿ ಏರುತ್ತದೆ, ಜಿಲ್ಲಾಸ್ಪತ್ರೆಯ ಸಾಲು ಉದ್ದವಾಗುತ್ತದೆ, ಆ ಸಾಲಿನಲ್ಲಿ ನಿಜವಾದ ದೋಷವಿರುವ ಮಗುವಿನ ಸರದಿ ಹಿಂದಕ್ಕೆ ಹೋಗುತ್ತದೆ. ಮಕ್ಕಳ ಮುಖದ ವಿಡಿಯೊಗಳು ಯಾರ ಕೈಸೇರುತ್ತವೆ ಎಂಬ ಪ್ರಶ್ನೆಯೂ ಉಳಿಯುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು 18ರೊಳಗಿನವರ ಮಾಹಿತಿಗೆ ಪೋಷಕರ ಪರಿಶೀಲಿಸಬಹುದಾದ ಒಪ್ಪಿಗೆಯನ್ನು ಮೂಲ ನಿಯಮವಾಗಿಸಿದೆ, ಅಂಗನವಾಡಿಯ ಬಾಗಿಲಲ್ಲಿ ಹಾಕಿಸಿಕೊಂಡ ಒಂದು ಹೆಬ್ಬೆಟ್ಟು ಅದಕ್ಕೆ ಸಾಲದು. ಇದಕ್ಕೆ ಬದಲಾಗಿ ಯಂತ್ರದ ಜೊತೆಗೇ ತಾಲ್ಲೂಕು ಆಸ್ಪತ್ರೆಯ ನೇತ್ರಾಧಿಕಾರಿಗೆ ಕಣ್ಣು ಮುಚ್ಚಿ ನೋಡುವ ಪರೀಕ್ಷೆಯ ತರಬೇತಿ, ಮೂರು ವರ್ಷದ ಮೂಗಿನ ಮೇಲೆ ನಿಲ್ಲುವ ಅಳತೆಯ ಕನ್ನಡಕದ ಚೌಕಟ್ಟು, ಅದು ಮುರಿದಾಗ ಇನ್ನೊಂದು, ಪಟ್ಟಿ ಹಾಕಿದ ಮಗುವಿನ ಮನೆಗೆ ಆಶಾ ಕಾರ್ಯಕರ್ತೆಯ ಭೇಟಿ ಮತ್ತು ಆ ಭೇಟಿಗೆ ಪ್ರೋತ್ಸಾಹಧನ, ಇಷ್ಟೂ ಒಂದೇ ಆದೇಶದಲ್ಲಿ ಬಂದರೆ, ನಮ್ಮ ಲೆಕ್ಕದಲ್ಲಿ ಯಂತ್ರ ಸರಿಯಾಗಿ ಹಿಡಿದ ಆ 27 ಮಕ್ಕಳಲ್ಲಿ ಎಷ್ಟು ಮಂದಿ ಚಿಕಿತ್ಸೆ ಮುಗಿಸಿದರು ಎಂಬ ಲೆಕ್ಕವನ್ನು ವರ್ಷದ ಕೊನೆಗೆ ಕೇಳಲು ಸಾಧ್ಯವಾಗುತ್ತದೆ. ತಪಾಸಣೆಯಾದವರ ಸಂಖ್ಯೆಯ ಪಕ್ಕದ ಅಂಕಣದಲ್ಲಿ ಆ ಸಂಖ್ಯೆಯೂ ಅಚ್ಚಾಗಬೇಕು.